ಆಫ್ರಿಕಾದ ಹೊಳೆ ಸೀಗಡಿ ಮರಿಗೆ ಉಪ್ಪುನೀರು ಬೇಕೇ ಬೇಕಾ? ಮೊಟ್ಟೆ, ವಲಸೆ, ಅಣೆಕಟ್ಟು: ಇಲ್ಲೇ ಮಾತಾಡೋಣ

ಕಾಳಿತೀರ:
ಪಶ್ಚಿಮ ಆಫ್ರಿಕಾದ ಸೆನೆಗಲ್ ನದಿಯ ಸೀಗಡಿ ಬಗ್ಗೆ ಇನ್ನೊಂದು ಚರ್ಚೆಯಲ್ಲಿ ಎರಡು ಸಾಲು ಬರೆದಿದ್ದೆ. ಅಲ್ಲಿ ಸುಮಾರು ಜನ ಕೇಳಿದ್ದು ಒಂದೇ ಪ್ರಶ್ನೆ. ಸಿಹಿನೀರಲ್ಲಿ ಬದುಕುವ ಪ್ರಾಣಿ, ಅಣೆಕಟ್ಟು ಕಟ್ಟಿದ ಮೇಲೆ ಸಿಹಿನೀರು ಇನ್ನೂ ಜಾಸ್ತಿ ಆಯ್ತು, ಹಾಗಿದ್ದ ಮೇಲೆ ಸೀಗಡಿ ಹೆಚ್ಚಬೇಕಿತ್ತಲ್ವಾ, ಕಮ್ಮಿ ಯಾಕಾಯ್ತು? ಅದಕ್ಕೇ ಬೇರೆ ಎಳೆ ತೆಗೆದಿದ್ದೇನೆ.

ಸೀಗಡಿಯ ಹೆಸರು ಮ್ಯಾಕ್ರೋಬ್ರಾಕಿಯಂ ವೊಲೆನ್‌ಹೋವೆನಿಯೈ. ಸೆನೆಗಲ್‌ನಿಂದ ಕೆಳಗೆ ಅಂಗೋಲಾದವರೆಗೆ, ಅಟ್ಲಾಂಟಿಕ್‌ಗೆ ಸೇರುವ ಹೊಳೆಗಳಲ್ಲಿ ಇದೆ. ದೊಡ್ಡ ಗಂಡು ಒಂದು ಗೇಣಿನ ಹತ್ತಿರ ಬೆಳೆಯುತ್ತದೆ. ನಮ್ಮ ಕರಾವಳಿಯ ದೊಡ್ಡ ಸಿಹಿನೀರು ಸೀಗಡಿ ಇದೆಯಲ್ಲ, ರೋಸೆನ್‌ಬರ್ಗಿ, ಅದೇ ಕುಲದ್ದು.

ಇದು ಬದುಕುವುದು ಹೊಳೆಯಲ್ಲಿ, ಬೆಳೆಯುವುದು ಹೊಳೆಯಲ್ಲಿ, ಗಂಡು ಹೆಣ್ಣು ಸೇರುವುದೂ ಸಿಹಿನೀರಲ್ಲೇ. ಆದರೆ ಮೊಟ್ಟೆಯಿಂದ ಹೊರಬಂದ ಲಾರ್ವಾಕ್ಕೆ, ಅಂದರೆ ಇನ್ನೂ ಸೀಗಡಿಯ ರೂಪ ಬಾರದ ಎಳೆ ಮರಿಗೆ, ಕೆಲವೇ ದಿನಗಳ ಒಳಗೆ ಸವಳು ನೀರು ಸಿಗಲೇಬೇಕು. ಸಿಗದಿದ್ದರೆ ಸಾಯುತ್ತದೆ, ಬೇರೆ ದಾರಿ ಇಲ್ಲ. ಅದಕ್ಕೇ ಮೊಟ್ಟೆ ಹೊತ್ತ ಹೆಣ್ಣು ಹೊಳೆ ಇಳಿದು, ಹೊಳೆ ಸಮುದ್ರ ಸೇರುವ ಅಳಿವೆ ಕಡೆ ಬರುತ್ತದೆ. ಅಲ್ಲಿ ಲಾರ್ವಾ ಬಿಟ್ಟು ಮತ್ತೆ ಮೇಲೆ ಹತ್ತುತ್ತದೆ. ಲಾರ್ವಾಗಳು ಕೆಲವು ವಾರ ಅಳಿವೆಯ ನೀರಲ್ಲಿ ತೇಲುತ್ತಾ, ಪೊರೆ ಕಳಚುತ್ತಾ ಕಳಚುತ್ತಾ ಮರಿ ಸೀಗಡಿಯಾಗಿ, ಆಮೇಲೆ ಅವೂ ಪ್ರವಾಹಕ್ಕೆ ಎದುರಾಗಿ ಹೊಳೆ ಹತ್ತುತ್ತವೆ.

ಈಗ ಸೆನೆಗಲ್ ನದಿಗೆ ಬನ್ನಿ. ಸೇಂಟ್ ಲೂಯಿ ಊರಿನಿಂದ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ಮೇಲೆ 1986ರಲ್ಲಿ ಡಿಯಾಮಾ ಅಣೆಕಟ್ಟು ಮುಗಿಯಿತು. ಅದನ್ನು ಕಟ್ಟಿದ್ದೇ ಸಮುದ್ರದ ಉಪ್ಪುನೀರು ಮೇಲೆ ಬರದಂತೆ ತಡೆಯೋದಕ್ಕೆ, ಮತ್ತೆ ಭತ್ತ ಕಬ್ಬಿಗೆ ನೀರು ಸಿಗಲಿ ಅಂತ. ಅದಕ್ಕೂ ಮುಂಚೆ ಬೇಸಿಗೆಯಲ್ಲಿ ಉಪ್ಪುನೀರು ಇನ್ನೂರು ಕಿ.ಮೀ. ಆಸುಪಾಸು ಒಳಗೆ ಬರುತ್ತಿತ್ತು. ರೈತರಿಗೆ ಅದು ನಿಜವಾದ ಕಷ್ಟವೇ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅಣೆಕಟ್ಟು ಸೀಗಡಿಯ ದಾರಿಯನ್ನು ಸರಿಯಾಗಿ ನಡುವೆ ಕತ್ತರಿಸಿತು. ಮೇಲಿನ ಹೆಣ್ಣು ಕೆಳಗೆ ಬರುವ ಹಾಗಿಲ್ಲ, ಕೆಳಗಿನ ಮರಿ ಮೇಲೆ ಹೋಗುವ ಹಾಗಿಲ್ಲ. ಮೇಲೆ ಉಳಿದ ಸೀಗಡಿಗೆ ನೀರೂ ಇತ್ತು, ತಿನ್ನೋದಕ್ಕೂ ಇತ್ತು. ಮುಂದಿನ ತಲೆಮಾರು ಮಾತ್ರ ಬರಲಿಲ್ಲ.

ತೊಟ್ಟಿಮೀನು:
ಸರ್, ಒಳ್ಳೆ ಎಳೆ. ನನ್ನದೊಂದು ಪ್ರಶ್ನೆ ಇದೆ. ಬೆಂಗಳೂರಲ್ಲಿ ಅಕ್ವೇರಿಯಂ ಇಟ್ಟಿದ್ದೇನೆ, ಅದರಲ್ಲಿ ಎರಡು ಆಟ್ಯಾ ಗ್ಯಾಬೊನೆನ್ಸಿಸ್ ಇವೆ. ಅಂಗಡಿಯಲ್ಲಿ ವ್ಯಾಂಪೈರ್ ಶ್ರಿಂಪ್ ಅಂತ ಕೊಟ್ಟರು. ಹೆಸರು ಕೇಳಿ ಹೆದರಬೇಡಿ, ಪಾಪದ ಪ್ರಾಣಿ. ಮುಂಗಾಲಿನ ತುದಿಯಲ್ಲಿ ಬೀಸಣಿಗೆ ತರಹ ಕೂದಲು ಬಿಚ್ಚಿಕೊಂಡು, ನೀರಲ್ಲಿ ಬರುವ ಚೂರುಪಾರು ಸೋಸಿ ತಿನ್ನುತ್ತಾ ಫಿಲ್ಟರ್ ಎದುರು ಕೂತಿರುತ್ತದೆ. ಸಣ್ಣದು ಹೊಟ್ಟೆ ತುಂಬಾ ಮೊಟ್ಟೆ ಹೊತ್ತಿತ್ತು. ಒಂದು ದಿನ ಬೆಳಗ್ಗೆ ನೋಡಿದರೆ ಮೊಟ್ಟೆ ಇಲ್ಲ, ಮರಿಯೂ ಇಲ್ಲ. ಚೆರ್ರಿ ಶ್ರಿಂಪ್ ಆದರೆ ಇದೇ ತೊಟ್ಟಿಯಲ್ಲಿ ರಾಶಿ ರಾಶಿ ಮರಿ ಮಾಡುತ್ತವೆ. ಇದಕ್ಕೂ ಅಳಿವೆ ಬೇಕಾ?

ಕಾಳಿತೀರ:
ಬೇಕು ತೊಟ್ಟಿಮೀನು ಅವರೇ. ಆಟ್ಯಾ ಬೇರೆ ಕುಟುಂಬದ್ದು, ಆದರೆ ಮರಿಯ ಕಥೆ ಅದೇ. ಪಶ್ಚಿಮ ಆಫ್ರಿಕಾದಲ್ಲಿ ನೀರು ರಭಸವಾಗಿ ಹರಿಯುವ ಕಲ್ಲು ಹೊಳೆಗಳಲ್ಲಿ ಅದರ ವಾಸ. ಮೊಟ್ಟೆ ಬಹಳ ಸಣ್ಣದು, ಲೆಕ್ಕ ಬಹಳ ಜಾಸ್ತಿ. ಒಡೆದಾಗ ಬರುವ ಲಾರ್ವಾ ಧೂಳಿನ ಕಣದಷ್ಟು. ಅದನ್ನು ಹೊಳೆ ಹೊತ್ತು ಸಮುದ್ರದ ಕಡೆ ಒಯ್ಯಬೇಕು. ನಿಮ್ಮ ತೊಟ್ಟಿಯಲ್ಲಿ ಅವು ಹುಟ್ಟಿರುತ್ತವೆ, ಆದರೆ ಸಿಹಿನೀರಲ್ಲೇ ಸತ್ತಿರುತ್ತವೆ, ಇಲ್ಲ ಫಿಲ್ಟರ್‌ಗೆ ಹೋಗಿರುತ್ತವೆ. ಅಂಗಡಿಗೆ ಬರುವ ಆಟ್ಯಾಗಳು ಬಹುತೇಕ ಹೊಳೆಯಲ್ಲಿ ಹಿಡಿದವೇ, ಮನೆಯಲ್ಲಿ ಮರಿ ಮಾಡಿಸಿದವಲ್ಲ. ಕಾರಣ ಇದೇ.

ಚೆರ್ರಿ ಶ್ರಿಂಪ್ ದಾರಿಯೇ ಬೇರೆ. ಮೊಟ್ಟೆ ಕಮ್ಮಿ, ಆದರೆ ಒಂದೊಂದೂ ದಪ್ಪ. ಒಳಗೆ ಮರಿಯ ಆಹಾರವಾದ ಹಳದಿ ಜಾಸ್ತಿ ಇರುವುದರಿಂದ ಮರಿ ಮೊಟ್ಟೆಯೊಳಗೇ ಬೆಳೆದು, ಅಮ್ಮನ ಸಣ್ಣ ರೂಪವಾಗಿಯೇ ಹೊರಬರುತ್ತದೆ. ಯಾವ ಸೀಗಡಿಗೆ ಸಮುದ್ರ ಬೇಕು, ಯಾವುದಕ್ಕೆ ಬೇಡ ಅಂತ ಅಂದಾಜು ಮಾಡೋದಕ್ಕೆ ನಾನು ಮೊದಲು ನೋಡುವುದು ಮೊಟ್ಟೆಯ ಗಾತ್ರ. ಪೂರ್ತಿ ಖಚಿತ ಅಲ್ಲ, ಆದರೆ ಬಹಳ ಸಲ ಸರಿಯಾಗುತ್ತದೆ.

ಬಯಾಲಜಿ_ಟೀಚರ್:
ಮೊಟ್ಟೆಗಿಂತ ಮುಂಚಿನ ಘಟ್ಟವನ್ನು ನಾನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಮಕ್ಕಳಿಗೆ ಹೇಳಿ ಹೇಳಿ ಅಭ್ಯಾಸ. ಚೆನ್ನಾಗಿ ಗೊತ್ತಿರೋದು ರೋಸೆನ್‌ಬರ್ಗಿಯದ್ದು, ಅದನ್ನು ಸಾಕಣೆಯಲ್ಲಿ ದಶಕಗಳಿಂದ ನೋಡಿದ್ದಾರೆ. ಮ್ಯಾಕ್ರೋಬ್ರಾಕಿಯಂ ಕುಲದ ಉಳಿದವೂ ಹೆಚ್ಚುಕಮ್ಮಿ ಹೀಗೇ.

ಹೆಣ್ಣು ಸೀಗಡಿಯ ತಲೆಚಿಪ್ಪಿನ ಕೆಳಗೆ ಕಿತ್ತಳೆ ಬಣ್ಣದ ಗಡ್ಡೆ ಕಂಡರೆ ಅಂಡಾಶಯ ತುಂಬಿದೆ ಅಂತ ಅರ್ಥ. ಚಿಪ್ಪು ತೆಳು, ಹೊರಗಿಂದಲೇ ಕಾಣುತ್ತದೆ. ಆಮೇಲೆ ಅದು ಪೊರೆ ಕಳಚುತ್ತದೆ, ಹೆಚ್ಚಾಗಿ ರಾತ್ರಿ. ಆ ಹೊತ್ತಲ್ಲಿ ಮೈಯೆಲ್ಲಾ ಮೆತ್ತಗೆ, ಯಾರು ಬೇಕಾದರೂ ಹಿಡಿದು ತಿನ್ನಬಹುದು. ಸೀಗಡಿಗಳು ಒಂದನ್ನೊಂದು ತಿನ್ನೋದರಲ್ಲಿ ಹಿಂದೆಮುಂದೆ ನೋಡುವುದಿಲ್ಲ. ದೊಡ್ಡ ಗಂಡು ತನ್ನ ಉದ್ದದ ಇಕ್ಕುಳಗಾಲುಗಳ ನಡುವೆ ಅದನ್ನು ಇಟ್ಟುಕೊಂಡು ಬೇರೆಯವರನ್ನು ದೂರ ಓಡಿಸುತ್ತದೆ. ಕೂಡುವುದು ಕ್ಷಣದ ಕೆಲಸ. ಗಂಡು ಅಂಟಿನಂಥ ಬಿಳಿ ಮುದ್ದೆಯೊಂದನ್ನು ಹೆಣ್ಣಿನ ಎದೆಯಡಿ, ನಡೆಯುವ ಕಾಲುಗಳ ಬುಡದ ನಡುವೆ ಅಂಟಿಸುತ್ತದೆ. ವೀರ್ಯಾಣು ಇರುವುದು ಅದರಲ್ಲಿ. ಕೆಲವು ಗಂಟೆಗಳ ನಂತರ ಹೆಣ್ಣು ಮೊಟ್ಟೆ ಬಿಡುತ್ತದೆ. ಮೊಟ್ಟೆಗಳು ಆ ಮುದ್ದೆಯನ್ನು ದಾಟಿ ಹಿಂದೆ ಸರಿಯುವಾಗ ಫಲಿತವಾಗುತ್ತವೆ. ಅಂದರೆ ಫಲವಾಗೋದು ದೇಹದ ಹೊರಗೆ.

ಹೊಟ್ಟೆಯಡಿ ಈಜುಗಾಲುಗಳಿವೆಯಲ್ಲ, ಮುಂದಿನ ನಾಲ್ಕು ಜೊತೆಯ ಕೂದಲಿಗೆ ಮೊಟ್ಟೆಗಳು ಗೊಂಚಲು ಗೊಂಚಲಾಗಿ ಅಂಟಿಕೊಳ್ಳುತ್ತವೆ. ಶುರುವಿನಲ್ಲಿ ಹೊಳೆಯುವ ಕಿತ್ತಳೆ ಬಣ್ಣ. ಒಳಗಿನ ಹಳದಿ ಖರ್ಚಾಗುತ್ತಾ ಬಂದಂತೆ ಬಣ್ಣ ಮಾಸಿ ಬೂದಿಯಾಗುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಪ್ರತಿ ಮೊಟ್ಟೆಯಲ್ಲೂ ಎರಡು ಕಪ್ಪು ಚುಕ್ಕಿ ಕಾಣುತ್ತದೆ, ಅವು ಕಣ್ಣು. ಅಷ್ಟು ದಿನವೂ ಅಮ್ಮ ಸುಮ್ನೆ ಕೂರುವುದಿಲ್ಲ. ಈಜುಗಾಲು ಆಡಿಸಿ ಹೊಸ ನೀರು ಹಾಯಿಸುತ್ತದೆ, ಸತ್ತ ಮೊಟ್ಟೆ ಹೆಕ್ಕಿ ತೆಗೆಯುತ್ತದೆ. ರೋಸೆನ್‌ಬರ್ಗಿಯಲ್ಲಿ 28 ಡಿಗ್ರಿ ಬಿಸಿ ಇರುವ ನೀರಲ್ಲಿ ಮೊಟ್ಟೆ ಒಡೆಯೋದಕ್ಕೆ ಸುಮಾರು 20 ದಿನ. ಹೊತ್ತ ಮೊಟ್ಟೆ ಇನ್ನೂ ಇರುವಾಗಲೇ ಒಳಗೆ ಮುಂದಿನ ಸಲದ್ದು ತಯಾರಾಗುತ್ತಿರುತ್ತದೆ.

ಈ 20 ದಿನ ಬಹಳ ಮುಖ್ಯ ಕಾಳಿತೀರ ಅವರೇ. ಹೆಣ್ಣು ಅಳಿವೆಗೆ ಇಳಿಯೋದಕ್ಕೆ ಅದಕ್ಕೆ ಸಿಗುವ ಅವಧಿ ಅದು. ತಡವಾದರೆ ದಾರಿಯಲ್ಲೇ ಮೊಟ್ಟೆ ಒಡೆಯುತ್ತದೆ.

ಕಾಳಿತೀರ:
ಟೀಚರ್, ಎಷ್ಟು ಚೆನ್ನಾಗಿ ಬಿಡಿಸಿ ಹೇಳಿದಿರಿ. ಲಾರ್ವಾ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಅದು ಈಜುವುದು ಬೆನ್ನು ಕೆಳಗೆ ಹಾಕಿ, ಬಾಲ ಮುಂದಾಗಿ. ಮೊದಲ ಸಲ ಹ್ಯಾಚರಿಯ (ಮರಿ ಮಾಡಿಸುವ ಕೇಂದ್ರದ) ತೊಟ್ಟಿಯಲ್ಲಿ ನೋಡಿದಾಗ ಕಣ್ಣು ಕೀಳೋದಕ್ಕೆ ಆಗಿರಲಿಲ್ಲ, ಬೆಳಕು ಎಲ್ಲಿದೆಯೋ ಅಲ್ಲಿ ಮೋಡದ ಹಾಗೆ ಕೂಡಿಕೊಂಡಿದ್ದವು. ರೋಸೆನ್‌ಬರ್ಗಿ ಲಾರ್ವಾ 11 ಹಂತ ದಾಟಬೇಕು, ಪ್ರತಿ ಹಂತಕ್ಕೂ ಒಂದು ಪೊರೆ. ಹ್ಯಾಚರಿಯಲ್ಲಿ ನೀರಿನ ಉಪ್ಪು ಲೀಟರಿಗೆ 12 ಗ್ರಾಂ ಆಸುಪಾಸು ಇಡುತ್ತಾರೆ. ಸಮುದ್ರದಲ್ಲಿ 35 ಇರುತ್ತದೆ, ಅದರ ಮೂರನೇ ಒಂದು ಭಾಗ. ಅಂದರೆ ಪೂರ್ತಿ ಸಮುದ್ರವೂ ಬೇಡ, ಪೂರ್ತಿ ಹೊಳೆಯೂ ಬೇಡ. ಅಂಥ ನೀರು ತಾನಾಗಿ ಸಿಗುವ ಜಾಗ ಅಳಿವೆ ಒಂದೇ.

ಅಕ್ರಾ_ಕನ್ನಡಿಗ:
ನಮಸ್ಕಾರ. ನಾನು ಘಾನಾದಲ್ಲಿದ್ದೇನೆ, ಕೆಲಸದ ಮೇಲೆ ಪಕ್ಕದ ಟೋಗೋ ದೇಶದ ಲೋಮೆ ಕಡೆಗೆ ಆಗಾಗ ಹೋಗುತ್ತೇನೆ. ದಾರಿಯಲ್ಲಿ ಸೊಗಾಕೋಪೆ ಅಂತ ಊರು, ಅಲ್ಲಿ ವೋಲ್ಟಾ ನದಿಗೆ ಸೇತುವೆ. ಗಾಡಿ ನಿಧಾನ ಆದ ಕೂಡಲೇ ಹೆಂಗಸರು ತಲೆ ಮೇಲೆ ತಟ್ಟೆ ಹೊತ್ತು ಬರುತ್ತಾರೆ, ಹುರಿದ ಸೀಗಡಿ, ಮೀನು, ಜೊತೆಗೆ ಅಬೊಲೊ ಅನ್ನುವ ಮೆಕ್ಕೆಜೋಳದ ಹಿಟ್ಟಿನ ರೊಟ್ಟಿ. ಬಹಳ ರುಚಿ. ಹೊಳೆಯಲ್ಲಿ ಹಿಡಿಯುವುದು ಬುಟ್ಟಿಯಂಥ ಬಲೆಯಲ್ಲಿ. ಮಲೆನಾಡಿನ ಕೂಳಿ ನೋಡಿದವರಿಗೆ ಕೂಡಲೇ ಗೊತ್ತಾಗುತ್ತದೆ, ಒಳಗೆ ಹೋಗೋದಕ್ಕೆ ಬಾಯಿ ಅಗಲ, ಹೊರಗೆ ಬರೋದಕ್ಕೆ ದಾರಿ ಇಲ್ಲ. ಒಳಗೆ ತೆಂಗಿನ ಚೂರೋ ಮರಗೆಣಸೋ ಇಡುತ್ತಾರೆ.

ಮಳೆಗಾಲದಲ್ಲಿ ಮೊಟ್ಟೆ ಹೊತ್ತ ಸೀಗಡಿ ಜಾಸ್ತಿ ಕಾಣುತ್ತವೆ. ಹಿಡಿಯುವವರೂ ಅದನ್ನೇ ಹೇಳುತ್ತಾರೆ. ಮಳೆಗೂ ಮೊಟ್ಟೆಗೂ ಏನು ಸಂಬಂಧ? ಇನ್ನೊಂದು, ವೋಲ್ಟಾದಲ್ಲೂ ಅಣೆಕಟ್ಟು ಇದೆಯಲ್ಲ, ಹಾಗಾದರೆ ಇಲ್ಲಿ ಸೀಗಡಿ ಹೇಗೆ ಉಳಿದಿದೆ?

ಕಾಳಿತೀರ:
ಎರಡನೆಯದು ಮೊದಲು. ವೋಲ್ಟಾದಲ್ಲಿ ಅಕೊಸೊಂಬೊ 1965ರಲ್ಲಿ ಆಯಿತು, ಅದರ ಕೆಳಗೆ ಕ್‌ಪಾಂಗ್ 1982ರಲ್ಲಿ. ಎರಡೂ ಸಮುದ್ರದಿಂದ ಸಾಕಷ್ಟು ಮೇಲಿವೆ. ಸೊಗಾಕೋಪೆ ಎರಡಕ್ಕೂ ಕೆಳಗೆ. ಅಲ್ಲಿಂದ ಅಳಿವೆವರೆಗೆ ದಾರಿ ತೆರೆದೇ ಇದೆ, ಹಾಗಾಗಿ ಆ ಭಾಗದಲ್ಲಿ ಸೀಗಡಿ ಬದುಕು ನಡೆಯುತ್ತದೆ. ಡಿಯಾಮಾ ಇರೋದು ನದಿಯ ಬಾಯಿಯ ಹತ್ತಿರವೇ, ಅದಕ್ಕೇ ಹೊಡೆತ ಇಡೀ ನದಿಗೆ ಬಿತ್ತು. ಅಣೆಕಟ್ಟಿನ ಎತ್ತರ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ಸೀಗಡಿ ಮಟ್ಟಿಗೆ ಅದು ಎಲ್ಲಿದೆ ಅನ್ನೋದೂ ಅಷ್ಟೇ ಮುಖ್ಯ.

ಹಾಗಂತ ವೋಲ್ಟಾ ಕೆಳಭಾಗ ಸುಖವಾಗಿದೆ ಅಂತ ಅಲ್ಲ. ಮೊದಲು ಮಳೆಗಾಲದಲ್ಲಿ ದೊಡ್ಡ ನೆರೆ, ಬೇಸಿಗೆಯಲ್ಲಿ ಉಪ್ಪುನೀರು ಒಳಗೆ. ಅಣೆಕಟ್ಟಾದ ಮೇಲೆ ವರ್ಷಪೂರ್ತಿ ಹೆಚ್ಚುಕಮ್ಮಿ ಒಂದೇ ಮಟ್ಟದ ನೀರು ಬಿಡುತ್ತಾರೆ. ಉಪ್ಪು ಹಿಂದೆ ಸರಿಯಿತು, ಕಳೆ ಬೆಳೆಯಿತು. ಅಲ್ಲಿನ ಕಪ್ಪೆಚಿಪ್ಪು ಹಿಡಿಯುವ ಹೆಂಗಸರಿಗೂ ಇದರ ಬಿಸಿ ತಟ್ಟಿತು. ಆ ಚಿಪ್ಪಿನ ಮರಿಗೂ ಸ್ವಲ್ಪ ಉಪ್ಪು ಬೇಕು.

ಮಳೆ ವಿಷಯ. ಮಳೆ ಬಂದು ಹೊಳೆ ಏರಿದಾಗ ನೀರು ವೇಗವಾಗಿ ಇಳಿಯುತ್ತದೆ, ಹೆಣ್ಣಿಗೆ ಕೆಳಗೆ ಹೋಗೋದು ಸುಲಭ. ದಾರಿಯಲ್ಲೇ ಮೊಟ್ಟೆ ಒಡೆದರೂ ಲಾರ್ವಾ ಬೇಗ ಅಳಿವೆ ಮುಟ್ಟುತ್ತದೆ. ಲಾರ್ವಾ ತಿನ್ನುವ ಸಣ್ಣ ಜೀವಿಗಳಿಗೂ ಅಳಿವೆಯಲ್ಲಿ ಆಗ ಬರ ಇಲ್ಲ. ವರ್ಷದ ಬೇರೆ ತಿಂಗಳಲ್ಲೂ ಮೊಟ್ಟೆ ಹೊತ್ತವು ಸಿಗುತ್ತವೆ, ಜೋರು ಮಾತ್ರ ಮಳೆಗಾಲದಲ್ಲಿ.

ಹೊಸಹೊಳೆ:
ಎಲ್ಲಾ ಓದಿದೆ. ಆದರೆ ಒಂದು ಸೀಗಡಿ ಕಮ್ಮಿ ಆಯ್ತು ಅಂತ ಇಷ್ಟೊಂದು ಚಿಂತೆ ಯಾಕೆ ಅಂತ ಇನ್ನೂ ಅರ್ಥ ಆಗಲಿಲ್ಲ. ಊಟಕ್ಕೆ ಅಕ್ಕಿ ಬೇಕು, ಅಣೆಕಟ್ಟಿನಿಂದ ಅಕ್ಕಿ ಬಂತು. ಅದು ದೊಡ್ಡದಲ್ವಾ?

ಬಯಾಲಜಿ_ಟೀಚರ್:
ಹೊಸಹೊಳೆ, ಬಸವನಹುಳುವಿನ ವಿಷಯ ಇನ್ನೂ ಯಾರೂ ಎತ್ತಿಲ್ಲ, ಅದಕ್ಕೇ ನಿಮಗೆ ಹಾಗೆ ಅನ್ನಿಸಿದೆ. ಶಿಸ್ಟೊಸೋಮಿಯಾಸಿಸ್ ಅಂತ ಕಾಯಿಲೆ. ಅದರ ಹುಳು ಒಂದಷ್ಟು ಕಾಲ ಸಿಹಿನೀರಿನ ಬಸವನಹುಳುವಿನೊಳಗೆ ಬೆಳೆದು, ಹೊರಬಂದು, ನೀರಿಗಿಳಿದ ಮನುಷ್ಯರ ಚರ್ಮ ಕೊರೆದು ಒಳಗೆ ಹೋಗುತ್ತದೆ. ಬಟ್ಟೆ ಒಗೆಯುವವರು, ಈಜುವ ಮಕ್ಕಳು, ಗದ್ದೆಯಲ್ಲಿ ನಿಲ್ಲುವವರು, ಎಲ್ಲರಿಗೂ ತಗಲುತ್ತದೆ. ಕರುಳು, ಪಿತ್ತಜನಕಾಂಗ, ಮೂತ್ರಕೋಶ ಹಾಳಾಗುತ್ತದೆ. ಡಿಯಾಮಾ ಮುಗಿದು ಎರಡೇ ವರ್ಷಕ್ಕೆ, 1988ರಲ್ಲಿ, ಕಬ್ಬಿನ ಊರಾದ ರಿಚರ್ಡ್ ಟೋಲ್‌ನಲ್ಲಿ ಕರುಳಿನ ಶಿಸ್ಟೊಸೋಮಿಯಾಸಿಸ್ ಕಾಣಿಸಿಕೊಂಡು ಬೆಂಕಿಯಂತೆ ಹಬ್ಬಿತು.

ಅದಕ್ಕೆ ಕಾರಣ ಒಂದೇ ಅಲ್ಲ. ಉಪ್ಪು ಹೋದದ್ದು ಬಸವನಹುಳುವಿಗೆ ಹಬ್ಬವಾಯಿತು, ಕಾಲುವೆ ಜಾಸ್ತಿಯಾದವು, ಕೆಲಸಕ್ಕೆ ಜನ ಬಂದು ಸೇರಿದರು. ಜೊತೆಗೆ ಬಸವನಹುಳುವನ್ನು ಚಿಪ್ಪು ಒಡೆದು ತಿನ್ನುವ ಸೀಗಡಿಯೂ ಹೋಯಿತು. ಸೀಗಡಿ ಮೊಟ್ಟೆ ಎಲ್ಲಿ ಒಡೆಯುತ್ತದೆ ಅನ್ನೋದು ಮಕ್ಕಳ ಆರೋಗ್ಯದ ವಿಷಯವೂ ಹೌದು.

ಹೊಸಹೊಳೆ:
ಇದು ಗೊತ್ತಿರಲಿಲ್ಲ ಟೀಚರ್, ಥ್ಯಾಂಕ್ಸ್. ಹಾಗಾದರೆ ಸೀಗಡಿ ಸಾಕಿ ಬಿಟ್ಟರೆ ಆಯ್ತಲ್ಲ?

ಕಾಳಿತೀರ:
ಬಿಟ್ಟು ನೋಡಿದ್ದಾರೆ. ಸೆನೆಗಲ್‌ನ ಲಾಂಪ್ಸಾರ್ ಅನ್ನುವ ಹಳ್ಳಿಯಲ್ಲಿ, ಜನ ನೀರಿಗಿಳಿಯುವ ಜಾಗಕ್ಕೆ ಬಲೆಯ ಆವರಣ ಕಟ್ಟಿ ಅದರೊಳಗೆ ಇದೇ ಸೀಗಡಿಯನ್ನು ಬಿಟ್ಟರು. ಅದರ ವರದಿ 2015ರಲ್ಲಿ ಬಂತು. ಸೀಗಡಿ ಬಿಡದ ಹಳ್ಳಿಗೆ ಹೋಲಿಸಿದರೆ ಸೋಂಕು ಹೊತ್ತ ಬಸವನಹುಳು ಕಮ್ಮಿಯಾದವು, ಜನರ ದೇಹದಲ್ಲಿ ಹುಳುವಿನ ಮೊಟ್ಟೆಯೂ ಕಮ್ಮಿಯಾಯಿತು. ಔಷಧಿಯನ್ನೂ ಕೊಟ್ಟಿದ್ದರು. ಔಷಧಿ ಒಳಗಿನ ಹುಳುವನ್ನು ಕೊಲ್ಲುತ್ತದೆ, ಮತ್ತೆ ನೀರಿಗಿಳಿದರೆ ಮತ್ತೆ ತಗಲುತ್ತದೆ. ಆ ಮತ್ತೆ ತಗಲುವುದನ್ನು ಕಮ್ಮಿ ಮಾಡಿದ್ದು ಸೀಗಡಿ.

ಆದರೆ ಆ ಸೀಗಡಿ ಅಲ್ಲಿ ಸಂಸಾರ ಮಾಡಿ ಉಳಿಯುವುದಿಲ್ಲ. ಹೆಣ್ಣು ಮೊಟ್ಟೆ ಹೊತ್ತರೂ ಲಾರ್ವಾ ಸಾಯುತ್ತದೆ. ಆಯುಸ್ಸು ಮುಗಿದ ಹಾಗೆ ಮತ್ತೆ ತಂದು ಬಿಡಬೇಕು. ಪ್ರತಿ ಸಲ ಹ್ಯಾಚರಿ, ಸಾಗಣೆ, ದುಡ್ಡು.

ತೊಟ್ಟಿಮೀನು:
ಇಲ್ಲೇ ಒಂದು ಸಂಶಯ. ಹೇಗೂ ಮರಿ ಉಳಿಯಲ್ಲ ಅಂದಮೇಲೆ ಗಂಡನ್ನೇ ಬಿಟ್ಟರೆ ಆಗಲ್ವಾ? ಗಂಡು ದೊಡ್ಡದಾಗಿ ಬೆಳೆಯುತ್ತದೆ, ಅಳಿವೆ ಕಡೆ ಓಡುವ ಹಂಬಲವೂ ಇಲ್ಲ.

ಬಯಾಲಜಿ_ಟೀಚರ್:
ತೊಟ್ಟಿಮೀನು, ಸರಿಯಾಗಿ ಯೋಚಿಸಿದ್ದೀರಿ. ವೊಲೆನ್‌ಹೋವೆನಿಯೈಯಲ್ಲಿ ಗಂಡನ್ನೇ ಬಿಡುವ ಯೋಜನೆಯನ್ನು ವಿಜ್ಞಾನಿಗಳು 2014ರಲ್ಲೇ ಮುಂದಿಟ್ಟಿದ್ದಾರೆ. ಗಂಡುಮರಿ ಮಾತ್ರ ಹುಟ್ಟಿಸುವ ತಂತ್ರ ರೋಸೆನ್‌ಬರ್ಗಿಯಲ್ಲಿ ಮೊದಲೇ ಸಿದ್ಧವಿತ್ತು. ನಮ್ಮಲ್ಲಿ ಗಂಡಿಗೆ ಎಕ್ಸ್ ವೈ, ಹೆಣ್ಣಿಗೆ ಎಕ್ಸ್ ಎಕ್ಸ್. ಸೀಗಡಿಯಲ್ಲಿ ತಿರುಗುಮುರುಗು, ಕೋಳಿಯ ಹಾಗೆ. ಗಂಡು ಜೆಡ್ ಜೆಡ್, ಹೆಣ್ಣು ಜೆಡ್ ಡಬ್ಲ್ಯೂ. ಗಂಡುತನ ಬರಿಸುವ ಸಣ್ಣ ಗ್ರಂಥಿಯೊಂದು ಗಂಡಿನ ಕೊನೆಯ ನಡೆಗಾಲಿನ ಬುಡದ ಹತ್ತಿರ, ವೀರ್ಯನಾಳಕ್ಕೆ ಅಂಟಿಕೊಂಡು ಇರುತ್ತದೆ. ಎಳೆ ಗಂಡಿನಿಂದ ಅದನ್ನು ತೆಗೆದರೆ ಅದು ಹೆಣ್ಣಾಗಿ ಬೆಳೆದು ಮೊಟ್ಟೆ ಇಡುತ್ತದೆ, ಆದರೆ ಅದರ ಜೀವಕೋಶದಲ್ಲಿರುವುದು ಜೆಡ್ ಜೆಡ್. ಅದನ್ನು ಮಾಮೂಲಿ ಗಂಡಿನ ಜೊತೆ ಬಿಟ್ಟರೆ ಹುಟ್ಟುವ ಮರಿಯೆಲ್ಲಾ ಗಂಡು. ಇಸ್ರೇಲ್‌ನ ಅಮಿರ್ ಸಾಗಿ ಅವರ ತಂಡದ ಕೆಲಸ ಇದು.

ಹೊರಗಿನ ಜಾತಿಯ ಸೀಗಡಿ ಬಿಡಬೇಕಾದ ಕಡೆ ಇದು ಇನ್ನೂ ಮುಖ್ಯ. ಗಂಡು ಮಾತ್ರ ಇದ್ದರೆ ಅದು ಆ ಹೊಳೆಯಲ್ಲಿ ನೆಲೆಯೂರುವ ಭಯ ಇಲ್ಲ.

ಕಾಳಿತೀರ:
ತಂತ್ರ ದೊಡ್ಡದೇ, ಒಪ್ಪುತ್ತೇನೆ. ಒಂದು ಹಳ್ಳಿಯ ಸ್ನಾನಘಟ್ಟಕ್ಕೆ, ಒಂದು ಕಾಲುವೆಗೆ ಅದು ಸರಿ. ಆದರೆ ಅದನ್ನೇ ಉತ್ತರ ಅಂದುಕೊಳ್ಳೋದು ನನಗೆ ಒಪ್ಪಿಗೆ ಇಲ್ಲ. ಗಂಡನ್ನೇ ಬಿಟ್ಟರೆ ಹೊಳೆ ಎಂದೆಂದೂ ಹ್ಯಾಚರಿ ಮೇಲೆ ನಿಂತಿರುತ್ತದೆ. ದುಡ್ಡು ಕೊಡುವವರು ನಿಲ್ಲಿಸಿದ ವರ್ಷ ಸೀಗಡಿಯೂ ನಿಂತಿತು. ಒಂದು ದೊಡ್ಡ ಹೆಣ್ಣು ಒಂದು ಸಲಕ್ಕೆ ಹತ್ತಾರು ಸಾವಿರ ಮೊಟ್ಟೆ ಹೊರುತ್ತದೆ, ಯಾರ ದುಡ್ಡೂ ಕೇಳುವುದಿಲ್ಲ. ಅದಕ್ಕೆ ಬೇಕಾದದ್ದು ದಾರಿ. ಗೇಟು ಯಾವ ತಿಂಗಳಲ್ಲಿ ತೆಗೆಯಬೇಕು, ಮರಿ ಹತ್ತೋದಕ್ಕೆ ಪಕ್ಕದಲ್ಲಿ ಏನು ಮಾಡಬೇಕು ಅನ್ನೋದನ್ನು ಅಣೆಕಟ್ಟಿನ ಲೆಕ್ಕದೊಳಗೇ ಸೇರಿಸಬೇಕು.

ಮೀನಿನ ಏಣಿ ಅಂತ ಕಟ್ಟುತ್ತಾರಲ್ಲ, ಅದು ನೆಗೆಯುವ, ಜೋರಾಗಿ ಈಜುವ ಮೀನಿಗೆ. ಬೆರಳುದ್ದವೂ ಇಲ್ಲದ ಸೀಗಡಿ ಮರಿ ಆ ರಭಸದಲ್ಲಿ ಈಜಲಾರದು. ಅದು ನಡೆಯುತ್ತದೆ. ರಾತ್ರಿ ಹೊತ್ತು, ದಡದ ಅಂಚಿಗೆ, ನೀರು ತೆಳುವಾಗಿ ಹರಿಯುವ ಒರಟು ಕಲ್ಲನ್ನು ಕಾಲಿನಲ್ಲಿ ಹಿಡಿದು ಹಿಡಿದು ಹತ್ತುತ್ತದೆ, ಕೆಲವು ಸಲ ನೀರಿನಿಂದ ಹೊರಗೆ ಒದ್ದೆ ಬಂಡೆಯ ಮೇಲೂ. ನುಣುಪು ಕಾಂಕ್ರೀಟ್ ಗೋಡೆ ಅದಕ್ಕೆ ಆಗುವುದಿಲ್ಲ. ಒರಟು ಮೈಯ ಸಣ್ಣ ಇಳಿಜಾರು, ಅದರ ಮೇಲೆ ಸದಾ ಸ್ವಲ್ಪ ನೀರು ಜಿನುಗುವಂತೆ ಮಾಡಿದರೂ ಹತ್ತುತ್ತದೆ. ಡಿಯಾಮಾಕ್ಕೆ ಇಂಥದ್ದೊಂದು ಮಾಡಬೇಕು ಅನ್ನುವ ಮಾತು ಸಂಶೋಧಕರಿಂದಲೇ ಬಂದಿದೆ.

ನಮ್ಮ ಪಕ್ಕದಲ್ಲೂ ನೋಡಿ, ಕೇರಳದ ವೆಂಬನಾಡ್‌ನಲ್ಲಿ ತಣ್ಣೀರ್‌ಮುಕ್ಕಂ ತಡೆಗೋಡೆ ಹಾಕಿದ್ದೂ ಭತ್ತಕ್ಕೆ ಉಪ್ಪು ಬರದಿರಲಿ ಅಂತಲೇ. ಅಲ್ಲೂ ರೋಸೆನ್‌ಬರ್ಗಿಯ ವಲಸೆಗೆ ಏಟು ಬಿತ್ತು.

ಅಕ್ರಾ_ಕನ್ನಡಿಗ:
ಆಫ್ರಿಕಾದ ಎಲ್ಲಾ ಸೀಗಡಿಗೂ ಹೀಗೇನಾ? ವಿಕ್ಟೋರಿಯಾ ಸರೋವರದಲ್ಲೂ ಸಣ್ಣ ಸೀಗಡಿ ಇದೆ ಅಂತ ಕೀನ್ಯಾದ ಸಹೋದ್ಯೋಗಿ ಹೇಳಿದ್ದರು. ಅಲ್ಲಿಂದ ಸಮುದ್ರಕ್ಕೆ ಹೋಗಿ ಬರೋದು ಸಾಧ್ಯವೇ ಇಲ್ಲ.

ಕಾಳಿತೀರ:
ಎಲ್ಲಕ್ಕೂ ಇಲ್ಲ. ವಿಕ್ಟೋರಿಯಾದ್ದು ಕ್ಯಾರಿಡಿನಾ ನೈಲೋಟಿಕಾ, ಲುವೊ ಜನ ಒಚೊಂಗಾ ಅನ್ನುತ್ತಾರೆ. ಪೂರ್ತಿ ಬದುಕು ಸಿಹಿನೀರಲ್ಲೇ. ನೈಲ್ ಪರ್ಚ್ ಮೀನು ತಂದು ಬಿಟ್ಟ ಮೇಲೆ ಅಲ್ಲಿನ ಸಣ್ಣ ಸಿಕ್ಲಿಡ್ ಮೀನುಗಳು ನಾಶವಾದವು. ಆಗ ಈ ಸೀಗಡಿ ವಿಪರೀತ ಹೆಚ್ಚಿ, ಎಳೆ ಪರ್ಚ್‌ಗಳಿಗೆ ಇದೇ ಮುಖ್ಯ ಊಟವಾಯಿತು. ಟಾಂಗನ್ಯಿಕಾದಲ್ಲಿ ಬೇರೆಲ್ಲೂ ಇಲ್ಲದ ಸೀಗಡಿಗಳಿವೆ, ಅವೂ ಸರೋವರ ಬಿಟ್ಟು ಹೋಗುವುದಿಲ್ಲ. ಅದರಲ್ಲೊಂದು, ಲಿಮ್ನೋಕ್ಯಾರಿಡಿನಾ ಇರಿಡಿನೇ, ವಾಸ ಮಾಡೋದು ಜೀವಂತ ಕಪ್ಪೆಚಿಪ್ಪಿನ ಒಳಗೆ! ಪಶ್ಚಿಮ ಆಫ್ರಿಕಾದ ಕಾಡು ತೊರೆಗಳಲ್ಲಿ ಡೆಸ್ಮೊಕ್ಯಾರಿಸ್ ಅಂತ ಸಣ್ಣದೊಂದಿದೆ, ಕೆಲವೇ ದಪ್ಪ ಮೊಟ್ಟೆ, ಲಾರ್ವಾ ಹಂತ ಬಹಳ ಚುಟುಕು.

ಪೂರ್ವ ಕರಾವಳಿಯಲ್ಲಿ ಮತ್ತೆ ಅಳಿವೆ ನಂಬಿದವೇ. ದಕ್ಷಿಣ ಆಫ್ರಿಕಾದ ಕೈಸ್ಕಮ್ಮಾ ನದಿಯ ಮ್ಯಾಕ್ರೋಬ್ರಾಕಿಯಂ ಪೀಟರ್ಸೈ ಬಗ್ಗೆ 1980ರ ದಶಕದಲ್ಲೇ ಅಧ್ಯಯನ ಆಗಿದೆ, ಅದೇ ಇಳಿಯೋದು, ಅದೇ ಹತ್ತೋದು. ಇನ್ನು ಮ್ಯಾಕ್ರೋಬ್ರಾಕಿಯಂ ಸ್ಕ್ಯಾಬ್ರಿಕ್ಯುಲಂ, ಮ್ಯಾಕ್ರೋಬ್ರಾಕಿಯಂ ಇಡೇ, ಇವೆರಡೂ ಪೂರ್ವ ಆಫ್ರಿಕಾದ ಹೊಳೆಗಳಲ್ಲೂ ಇವೆ, ಭಾರತದ ಹೊಳೆಗಳಲ್ಲೂ ಇವೆ. ಲಾರ್ವಾ ಉಪ್ಪುನೀರು ತಾಳುವುದರಿಂದ ಒಂದೇ ಜಾತಿ ಸಮುದ್ರದ ಎರಡೂ ದಡಕ್ಕೆ ಹರಡಲು ಸಾಧ್ಯವಾಗಿದೆ. ದಪ್ಪ ಮೊಟ್ಟೆಯವು ಅವವು ಹುಟ್ಟಿದ ತೊರೆ, ಸರೋವರಗಳಲ್ಲೇ ಉಳಿದುಬಿಟ್ಟವು.

ತೊಟ್ಟಿಮೀನು:
ಕೊನೆಗೊಂದು ಕೇಳಿಬಿಡುತ್ತೇನೆ ಸರ್. ನನ್ನ ಆಟ್ಯಾ ಮತ್ತೆ ಮೊಟ್ಟೆ ಹೊತ್ತಿದೆ. ಈ ಸಲ ಮರಿ ಉಳಿಸೋ ಪ್ರಯತ್ನ ಮಾಡಬಹುದಾ?

ಕಾಳಿತೀರ:
ಮಾಡಿ. ಅಮ್ಮನನ್ನು ಮಾತ್ರ ಉಪ್ಪುನೀರಿಗೆ ಹಾಕಬೇಡಿ. ಮೊಟ್ಟೆ ಬಣ್ಣ ಮಾಸಿ ಕಣ್ಣಿನ ಚುಕ್ಕಿ ಕಂಡ ಮೇಲೆ, ಮೀನಿಲ್ಲದ ಬೇರೆ ಸಣ್ಣ ತೊಟ್ಟಿಗೆ ಬಿಡಿ, ಫಿಲ್ಟರ್ ಬಾಯಿಗೆ ಸ್ಪಂಜು ಕಟ್ಟಿ. ಲಾರ್ವಾ ಬಂದ ಮೇಲೆ ಅಮ್ಮನನ್ನು ವಾಪಸ್ ತನ್ನಿ. ಕತ್ತಲೆ ಮಾಡಿ ಒಂದು ಮೂಲೆಗೆ ಟಾರ್ಚ್ ಹಿಡಿದರೆ ಲಾರ್ವಾ ಅಲ್ಲಿಗೆ ಬರುತ್ತದೆ, ಅಲ್ಲಿಂದ ತೆಗೆದು ಉಪ್ಪುನೀರಿನ ತೊಟ್ಟಿಗೆ ಹಾಕಬಹುದು. ಅಕ್ವೇರಿಯಂಗೆ ಅಂತಲೇ ಮಾರುವ ಸಮುದ್ರದ ಉಪ್ಪು ಬಳಸಿ, ಅಡುಗೆ ಉಪ್ಪು ಬೇಡ. ತಿನ್ನೋದಕ್ಕೆ ಹಸಿರು ಪಾಚಿ ನೀರು ಮೊದಲೇ ಬೆಳೆಸಿಟ್ಟುಕೊಳ್ಳಿ, ಏಕೆಂದರೆ ಇಷ್ಟು ಸಣ್ಣ ಬಾಯಿಗೆ ಅಂಗಡಿಯ ಮೀನಿನ ಹಿಟ್ಟು ಹಿಡಿಸುವುದಿಲ್ಲ. ಬಹಳ ಕಮ್ಮಿ ಜನಕ್ಕೆ ಆಗಿರುವ ಕೆಲಸ ಇದು. ಉಪ್ಪು ಎಷ್ಟು ಇಟ್ಟಿರಿ, ಎಷ್ಟು ದಿನ ಉಳಿದವು ಅಂತ ಬರೆದಿಟ್ಟು ಇಲ್ಲೇ ಹಾಕಿ, ಮುಂದಿನವರಿಗೆ ಬೇಕಾಗುತ್ತದೆ.